ರೋಬಾಟ್ ಕೇಳುವ ಒಂದೇ ಪ್ರಶ್ನೆ

ಶಾಲೆಯ ಮಕ್ಕಳು ಪುಟ್ಟ ರೋಬಾಟ್ ಓಡಿಸಲು ಮೊದಲು ಕಾಗದದ ಮೇಲೆ ಬರೆಯುವ ಫ್ಲೋಚಾರ್ಟಿನ ಮೂಲ ಹುಡುಕುತ್ತಾ ಹೋದರೆ ಸಿಗುವವನು ಗಣಿತಜ್ಞನಲ್ಲ, ಗಾರೆ ಕೆಲಸದವ. ಅಮೆರಿಕದ ಫ್ರ್ಯಾಂಕ್ ಗಿಲ್‌ಬ್ರೆತ್ ಇಟ್ಟಿಗೆ ಕಟ್ಟುತ್ತಲೇ ಬದುಕು ಆರಂಭಿಸಿದಾತ. ಒಂದು ಇಟ್ಟಿಗೆ ಇಡಲು ಮೈ ಎಷ್ಟು ಸಲ ಬಾಗುತ್ತದೆ, ಕೈ ಎಷ್ಟು ಸಲ ಆಡುತ್ತದೆ ಎಂದು ಎಣಿಸುವುದು ಅವನ ಗೀಳು. ಆತನೂ ಪತ್ನಿ ಲಿಲಿಯನ್ನಳೂ ಕೆಲಸದ ಹಂತಗಳನ್ನು ಚಿಹ್ನೆಗಳಲ್ಲಿ ತೋರಿಸುವ ನಕ್ಷೆಯೊಂದನ್ನು 1921ರಲ್ಲಿ ತಮ್ಮ ದೇಶದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟರು. ಅದರಲ್ಲಿ ಮುಖ್ಯವಾಗಿದ್ದುದು ಕೆಲಸದ ಸಾಲು; ಕವಲು ಅಲ್ಲ.

ಕವಲಿಗೆ ಮಹತ್ವ ಬಂದದ್ದು ಕಂಪ್ಯೂಟರ್ ಕಾಲದಲ್ಲಿ. ಪ್ರಿನ್ಸ್‌ಟನ್ನಿನಲ್ಲಿದ್ದ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ 1947-48ರ ತಮ್ಮ ವರದಿಗಳಲ್ಲಿ, ಒಂದು ದಾರಿ ಒಳಬಂದು ಎರಡು ದಾರಿ ಹೊರಡುವ ಪೆಟ್ಟಿಗೆಯನ್ನು ನಕ್ಷೆಯೊಳಗೆ ತಂದರು. ಮುಂದೆ ಅದಕ್ಕೆ ವಜ್ರದಾಕಾರ ರೂಢಿಯಾಯಿತು. ನಮ್ಮ ಮಕ್ಕಳಿಗೆ ಶಂಕರಪೋಳಿ ಎಂದರೆ ಬೇಗ ತಿಳಿದೀತು. ಅದರೊಳಗೆ ಒಂದೇ ಪ್ರಶ್ನೆ, ಅದಕ್ಕೆ ಎರಡೇ ಉತ್ತರ: ಹೌದು, ಇಲ್ಲ.

ಸುಮಾರು ಅದೇ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಿದುಳು ವಿಜ್ಞಾನಿ ಗ್ರೇ ವಾಲ್ಟರ್ ಮೂರು ಚಕ್ರದ ಎರಡು ಯಂತ್ರ ಆಮೆಗಳನ್ನು ಮಾಡಿದ್ದ. ಹೆಸರು ಎಲ್ಮರ್, ಎಲ್ಸಿ. ಬೆಳಕು ಕಂಡರೆ ಅತ್ತ ಹೋಗುವುದು, ಏನಾದರೂ ತಗುಲಿದರೆ ಸರಿದುಕೊಳ್ಳುವುದು, ಬ್ಯಾಟರಿ ಇಳಿದಾಗ ದೀಪವಿರುವ ತಮ್ಮ ಗೂಡಿಗೆ ಮರಳುವುದು ಅವುಗಳ ನಡೆ. ನೋಡಿದವರಿಗೆ ಜೀವವಿದ್ದಂತೆಯೇ ಅನ್ನಿಸಿತು. ಆದರೆ ಅವುಗಳ ನಿರ್ಧಾರವೆಲ್ಲ ತಂತಿಯ ಬೆಸುಗೆಯಲ್ಲಿತ್ತು. ಮಗುವೊಂದು ಅದನ್ನು ಬದಲಿಸುವಂತಿರಲಿಲ್ಲ.

ಬದಲಿಸುವ ಅಧಿಕಾರವನ್ನು ಮಗುವಿನ ಕೈಗೆ ಕೊಟ್ಟವರಲ್ಲಿ ಪ್ರಮುಖ ಸೆಮೂರ್ ಪ್ಯಾಪರ್ಟ್. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಈ ಗಣಿತಜ್ಞ ಜಿನೀವಾದಲ್ಲಿ ಮನೋವಿಜ್ಞಾನಿ ಪಿಯಾಜೆಯ ಜೊತೆ ಕೆಲಸ ಮಾಡಿ ಅಮೆರಿಕಕ್ಕೆ ಬಂದವ. 1967ರಲ್ಲಿ ವಾಲಿ ಫೊಯರ್‌ಝೈಗ್, ಸಿಂಥಿಯಾ ಸಾಲೊಮನ್ ಮೊದಲಾದವರೊಂದಿಗೆ ಮಕ್ಕಳಿಗಾಗಿ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದ. ಅದರ ಆಜ್ಞೆಯಂತೆ ನೆಲದ ಮೇಲೆ ತೆವಳುವ ಯಂತ್ರಕ್ಕೆ ವಾಲ್ಟರನ ನೆನಪಿನಲ್ಲಿ ಆಮೆ ಎಂದೇ ಹೆಸರಾಯಿತು. ಆ ದಿನಗಳಲ್ಲಿ ಶಿಕ್ಷಣದಲ್ಲಿ ಕಂಪ್ಯೂಟರ್ ಎಂದರೆ ಯಂತ್ರ ಪ್ರಶ್ನೆ ಕೇಳುವುದು, ಮಗು ಉತ್ತರ ಒಪ್ಪಿಸುವುದು. ಮಗ್ಗಿ ಬಾಯಿಪಾಠದ ಹೊಸ ರೂಪ. ಪ್ಯಾಪರ್ಟನ ತಕರಾರು ಇದ್ದದ್ದು ಇಲ್ಲಿಯೇ: ಯಂತ್ರ ಮಗುವನ್ನು ಪಳಗಿಸಬೇಕೋ, ಮಗು ಯಂತ್ರವನ್ನೋ? 1980ರಲ್ಲಿ ಬಂದ ಅವನ ಪುಸ್ತಕ ‘ಮೈಂಡ್‌ಸ್ಟಾರ್ಮ್ಸ್’. ಡೆನ್ಮಾರ್ಕಿನ ಲೆಗೋ ಕಂಪೆನಿ 1998ರಲ್ಲಿ ತನ್ನ ರೋಬಾಟ್ ಪೆಟ್ಟಿಗೆಗೂ ಅದೇ ಹೆಸರಿಟ್ಟಿತು. 2022ರ ಕೊನೆಗೆ ಆ ಸರಣಿ ನಿಂತಿತಾದರೂ ಅದು ಹಾಕಿಕೊಟ್ಟ ಪಾಠಕ್ರಮ ಉಳಿಯಿತು.

ವಿಚಿತ್ರವೆಂದರೆ ಈ ನಡುವೆ ವೃತ್ತಿಪರ ಪ್ರೋಗ್ರಾಮರುಗಳು ಫ್ಲೋಚಾರ್ಟಿನಿಂದ ದೂರ ಸರಿದಿದ್ದರು. ಪ್ರೋಗ್ರಾಮು ಬರೆದಾದ ಮೇಲೆ ಕಡತಕ್ಕೆಂದು ನಕ್ಷೆ ಬರೆಯುವುದನ್ನು ಕಂಡ ಫ್ರೆಡ್ ಬ್ರೂಕ್ಸ್, ಇದರ ಹಿರಿಮೆ ಅತಿಯಾಯಿತೆಂದು 1975ರಲ್ಲೇ ಟೀಕಿಸಿದ್ದ. ಅಡುಗೆ ಮುಗಿದ ಮೇಲೆ ಮಾಡುವ ವಿಧಾನ ಬರೆದಿಡುವ ಕೆಲಸವದು. ಆದರೆ ಅಡುಗೆಯನ್ನೇ ಕಲಿಯದವರಿಗೆ ಆ ಚೀಟಿ ಬೇಕೇ ಬೇಕು.

ಗೋಡೆಗೆ ಡಿಕ್ಕಿ ಹೊಡೆಯದೆ ನಡೆಯಬೇಕಾದ ರೋಬಾಟನ್ನು ನೋಡಿ. ವಿದ್ಯಾರ್ಥಿ ಬರೆಯುತ್ತಾನೆ: ಹೊರಡು, ಎದುರು ಗೋಡೆ ಇದೆಯೇ? ಹೌದಾದರೆ ತಿರುಗು, ಇಲ್ಲವಾದರೆ ಮುಂದೆ ಹೋಗು. ನೋಡಲು ಎಲ್ಲವೂ ಸರಿ. ರೋಬಾಟ್ ಮಾತ್ರ ಹೊರಟು ನೇರವಾಗಿ ಗೋಡೆಗೆ ಬಡಿಯುತ್ತದೆ. ಅದು ಪ್ರಶ್ನೆ ಕೇಳಿದ್ದು ಹೊರಟ ಕ್ಷಣದಲ್ಲಿ, ಒಂದೇ ಒಂದು ಸಲ. ಆಗ ಗೋಡೆ ದೂರವಿತ್ತು. ತಪ್ಪು ಪ್ರಶ್ನೆಯಲ್ಲಿಲ್ಲ, ಬಾಣದಲ್ಲಿದೆ: ಎರಡೂ ಕವಲುಗಳ ತುದಿಯಿಂದ ಬಾಣ ಮೇಲೇರಿ ಪ್ರಶ್ನೆಯ ಪೆಟ್ಟಿಗೆಗೇ ಮರಳಬೇಕು. ನಾವು ನಡೆಯುವಾಗ ಕಣ್ಣು ಬಿಟ್ಟುಕೊಂಡೇ ಇರುತ್ತೇವೆ. ಹೆಜ್ಜೆಹೆಜ್ಜೆಗೂ ನೋಡುತ್ತಿದ್ದೇವೆಂಬುದು ನಮಗೇ ತಿಳಿದಿರುವುದಿಲ್ಲ. ರೋಬಾಟಿಗೆ ಅದನ್ನೂ ಹೇಳಬೇಕು.

ಇನ್ನೊಂದು ಹೆಸರಾದ ಪಾಠ ಬಿಳಿ ಹಾಳೆಯ ಮೇಲಿನ ಕಪ್ಪು ಗೆರೆಯ ಅಂಚು ಹಿಡಿದು ನಡೆಯುವುದು. ಕಪ್ಪೇ? ಹೌದಾದರೆ ಎಡಕ್ಕೆ, ಇಲ್ಲವಾದರೆ ಬಲಕ್ಕೆ. ರೋಬಾಟ್ ಅಂಕುಡೊಂಕಾಗಿ ಸಾಗುತ್ತದೆ. ಆದರೆ ಬೆಳಕಿನ ಸಂವೇದಕಕ್ಕೆ ಕಪ್ಪು ಗೊತ್ತಿಲ್ಲ, ಗೊತ್ತಿರುವುದು ಅಂಕಿ. ಕಪ್ಪಿನ ಮೇಲೆ 30, ಬಿಳಿಯ ಮೇಲೆ 50 ಬಂತೆಂದುಕೊಳ್ಳಿ. ವಿದ್ಯಾರ್ಥಿ ನಡುವಿನ 40ನ್ನು ಗಡಿಯೆಂದು ಗೊತ್ತುಮಾಡುತ್ತಾನೆ. ಬೆಳಿಗ್ಗೆ ಸರಿಯಾಗಿದ್ದ ರೋಬಾಟ್ ಮಧ್ಯಾಹ್ನ ಕಿಟಕಿಯ ಬಿಸಿಲಿಗೆ ದಾರಿ ತಪ್ಪುತ್ತದೆ. ಅಂಕಿಗಳೆಲ್ಲ ಮೇಲೇರಿ, ಕಪ್ಪು ಗೆರೆಯೂ ಗಡಿ ದಾಟಿ ‘ಬಿಳಿ’ಯಾಗಿರುತ್ತದೆ. ಹೌದು-ಇಲ್ಲವೆಂಬ ಖಚಿತ ಉತ್ತರದ ಹಿಂದೆ ತಾನೇ ಆರಿಸಿದ ಒಂದು ಅಂದಾಜು ಕುಳಿತಿದೆಯೆಂದು ವಿದ್ಯಾರ್ಥಿಗೆ ಹೊಳೆಯುವುದು ಆಗಲೇ.

ಭಾರತದಲ್ಲಿ ಕೇಂದ್ರ ಸರ್ಕಾರದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಶುರುವಾದ ಮೇಲೆ ಕರ್ನಾಟಕವೂ ಸೇರಿದಂತೆ ಹಲವೆಡೆ ಶಾಲೆಗಳಲ್ಲಿ ಪ್ರಯೋಗಾಲಯಗಳು ಬಂದಿವೆ. ಲೆಗೋ ಬದಲು ಅಲ್ಲಿ ಹೆಚ್ಚಾಗಿ ಕಾಣುವುದು ಅಗ್ಗದ ಆರ್ಡುಯಿನೋ ಫಲಕ. ಪ್ರಶ್ನೆಯ ಪೆಟ್ಟಿಗೆ ಮಾತ್ರ ಅದೇ, ಕಿಟಕಿಯ ಬಿಸಿಲೂ ಅದೇ. ಕೆಲವರು ಎದ್ದು ಪರದೆ ಎಳೆಯುತ್ತಾರೆ. ಜಾಣರು ಫ್ಲೋಚಾರ್ಟಿನ ತಲೆಯಲ್ಲಿ ಇನ್ನೊಂದು ಪೆಟ್ಟಿಗೆ ಬರೆಯುತ್ತಾರೆ: ಹೊರಡುವ ಮುನ್ನ ಬೆಳಕು ಅಳೆ.