ಮುಕ್ತ ಕೈಗಾರಿಕಾ ಈಥರ್‌ನೆಟ್

ಯಂತ್ರಗಳು, ಸಂವೇದಕಗಳು ಮತ್ತು ಪಿಎಲ್‌ಸಿ ನಿಯಂತ್ರಕಗಳು ಈಥರ್‌ನೆಟ್ ಜಾಲದಲ್ಲಿ ಮಾಹಿತಿ ವಿನಿಮಯ ಮಾಡಿಕೊಳ್ಳಲು ಬಳಸುವ, ಬಹಿರಂಗವಾಗಿ ಪ್ರಕಟವಾದ ಸಂವಹನ ನಿಯಮಗಳು. ಬೇರೆ ಬೇರೆ ತಯಾರಕರ ಉಪಕರಣಗಳನ್ನು ಒಂದೇ ಜಾಲದಲ್ಲಿ ಜೋಡಿಸುವುದು ಇವುಗಳ ಉದ್ದೇಶ.

1979ರಲ್ಲಿ ಮೋಡಿಕಾನ್ ಕಂಪನಿ ರೂಪಿಸಿದ ಮೋಡ್‌ಬಸ್ ಮೊದಲು ಸೀರಿಯಲ್ ತಂತಿಯಲ್ಲಿ ಓಡುತ್ತಿತ್ತು. 1999ರಲ್ಲಿ ಮೋಡ್‌ಬಸ್ ಟಿಸಿಪಿಯಾಗಿ ಈಥರ್‌ನೆಟ್ಟಿಗೆ ಬಂತು. ಪ್ರೊಫಿನೆಟ್, ಈಥರ್‌ನೆಟ್/ಐಪಿ, ಈಥರ್‌ಕ್ಯಾಟ್ (2003) ಇತರ ಮುಖ್ಯ ಮಾನದಂಡಗಳು. ಇವು ಐಇಸಿ 61158 ಎಂಬ ಅಂತರರಾಷ್ಟ್ರೀಯ ಮಾನದಂಡ ಸರಣಿಯಲ್ಲಿ ಸೇರಿವೆ.

ಕಾರ್ಯವಿಧಾನ: ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯಂಥ ಜಲಾಶಯದಲ್ಲಿ ಮಟ್ಟಮಾಪಕವೊಂದಿದೆ ಎಂದುಕೊಳ್ಳೋಣ. ಮೋಡ್‌ಬಸ್ ಟಿಸಿಪಿಯಲ್ಲಿ ನಿಯಂತ್ರಣ ಕೊಠಡಿಯ ಗಣಕ 502ನೇ ಪೋರ್ಟಿಗೆ 12 ಬೈಟ್‌ಗಳ ಪ್ರಶ್ನೆ ಕಳಿಸುತ್ತದೆ: ಯಾವ ಸಾಧನ, ಯಾವ ಕೆಲಸ, ಯಾವ ರಿಜಿಸ್ಟರ್‌ನಿಂದ (ಸಾಧನದ ಸ್ಮೃತಿಕೋಶ) ಎಷ್ಟು. ಒಂದು ರಿಜಿಸ್ಟರ್ ಕೇಳಿದರೆ ಉತ್ತರ 11 ಬೈಟ್. ಅದರ ಕೊನೆಯ ಎರಡರಲ್ಲಿ ನೀರಿನ ಮಟ್ಟ. ವೇಗದ ಯಂತ್ರಗಳಿಗೆ ಈ ಪ್ರಶ್ನೋತ್ತರ ಸಾಲದು. ಈಥರ್‌ಕ್ಯಾಟ್‌ನಲ್ಲಿ ಒಂದೇ ದತ್ತಾಂಶ ಚೌಕಟ್ಟು ಎಲ್ಲ ಸಾಧನಗಳನ್ನೂ ಹಾದುಹೋಗುತ್ತದೆ, ಪ್ರತಿಯೊಂದೂ ತನ್ನ ಪಾಲನ್ನು ಚೌಕಟ್ಟು ಓಡುವಾಗಲೇ ಓದಿ ಬರೆಯುತ್ತದೆ.

ಬಳಕೆ: ಕಾರ್ಖಾನೆ, ವಿದ್ಯುತ್, ನೀರು ಸರಬರಾಜು. ಕರ್ನಾಟಕದಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮದ ನಾರಾಯಣಪುರ ಎಡದಂಡೆ ಕಾಲುವೆಯ ತೂಬುಗಳಿಗೆ, ಇಂಥ ನಿಯಮಗಳು ಸಾಮಾನ್ಯವಾಗಿ ಬಳಕೆಯಾಗುವ ಸ್ಕಾಡಾ (ಗಣಕದ ಮೂಲಕ ಉಸ್ತುವಾರಿ) ದೂರನಿಯಂತ್ರಣ ಅಳವಡಿಸಲಾಗಿದೆ.

ಮಿತಿ: ಮೂಲ ಮೋಡ್‌ಬಸ್‌ನಲ್ಲಿ ಗುಪ್ತಪದವೂ ಗೂಢಲಿಪಿಯೂ ಇಲ್ಲ, ಜಾಲಕ್ಕೆ ಪ್ರತ್ಯೇಕ ರಕ್ಷಣೆ ಬೇಕು.