ಗಂಧದ ಅಣು, ನಮ್ಮ ಕಾಡು



ವಿಮೋಚನಕಾಂಡದ 30ನೇ ಅಧ್ಯಾಯದಲ್ಲಿ ದೇವರು ಮೋಶೆಗೆ ಧೂಪ ತಯಾರಿಸುವ ವಿಧಾನ ಹೇಳಿಕೊಡುತ್ತಾರೆ. ಯಾವ ಯಾವ ಪರಿಮಳ ದ್ರವ್ಯ, ಎಷ್ಟೆಷ್ಟು, ಎಲ್ಲವೂ ಅಲ್ಲಿದೆ. ಕೊನೆಯಲ್ಲಿ ಒಂದು ಕಟ್ಟಪ್ಪಣೆ: ಇದೇ ರೀತಿಯದನ್ನು ಯಾರೂ ಸ್ವಂತಕ್ಕೆ ಮಾಡಿಕೊಳ್ಳಬಾರದು. ಬೇಡವೆಂದು ಹೇಳಬೇಕಾಯಿತು ಎಂದರೆ ಸುವಾಸನೆಯನ್ನು ನಕಲು ಮಾಡುವ ಆಸೆ ಆಗಲೇ ಜನರಲ್ಲಿ ಇದ್ದಿರಬೇಕು! ಆ ಆಸೆ ನಮ್ಮ ಕಾಡಿನ ಒಂದು ಮರದ ವಿಷಯದಲ್ಲಿ ಏನಾಯಿತು ಎಂಬುದನ್ನು ಈ ಸಲ ಬರೆಯುತ್ತೇನೆ.

ಜೀವಿಗಳಲ್ಲಿ ಸಿಗುವ ವಸ್ತುಗಳನ್ನು ಮನುಷ್ಯ ತಯಾರಿಸಲಾರ, ಅದಕ್ಕೆ 'ಜೀವಶಕ್ತಿ' ಬೇಕು ಎಂದು ವಿಜ್ಞಾನಿಗಳೇ ಬಹಳ ಕಾಲ ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ ಯೂರಿಯಾ ಪಡೆದಾಗ ಆ ನಂಬಿಕೆ ಅಲುಗಾಡಿತು. ಯೂರಿಯಾ ಎಂದರೆ ಮೂತ್ರದಲ್ಲಿರುವ ವಸ್ತು. ಇಂದು ನಾವು ಹೊಲಕ್ಕೆ ಎರಚುವ ಗೊಬ್ಬರವೂ ಅದೇ. ಬಿ.ಎಸ್ಸಿ. ಪುಸ್ತಕದಲ್ಲಿ ಈ ಪಾಠ ಅರ್ಧ ಪುಟಕ್ಕೆ ಮುಗಿಯುತ್ತದೆ. ಆದರೆ ಅದರ ಬಿಸಿ ರೈತರಿಗೆ ತಟ್ಟಿದ್ದು ಆಮೇಲೆ. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಕಾರ್ಖಾನೆಯಲ್ಲಿ ಮಾಡಿದ ನೀಲಿ ಬಣ್ಣವನ್ನು ಮಾರುಕಟ್ಟೆಗೆ ತಂದಿತು. ಭಾರತದ ನೀಲಿ ಬೆಳೆ ಕೆಲವೇ ವರ್ಷಗಳಲ್ಲಿ ಕುಸಿಯಿತು.

ಹಾಗಾದರೆ ಶ್ರೀಗಂಧ?

ಗಂಧದ ಮರವನ್ನು ಟಿಪ್ಪು ಸುಲ್ತಾನ್ 1792ರಲ್ಲೇ ರಾಜವೃಕ್ಷವೆಂದು ಘೋಷಿಸಿದ್ದ. ಮೈಸೂರು ಸಂಸ್ಥಾನ ಮರದ ತುಂಡುಗಳನ್ನು ಹರಾಜು ಹಾಕುತ್ತಿತ್ತು, ಅದು ಹಡಗು ಹತ್ತಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಎಣ್ಣೆ ಇಳಿಸುವ ಕ್ರಮವನ್ನು ಪರೀಕ್ಷಿಸಿ ತೋರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು, ವಿಶ್ವೇಶ್ವರಯ್ಯನವರು ದಿವಾನರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಶುರುವಾಯಿತು, ಮರುವರ್ಷ ಮೈಸೂರಿನಲ್ಲಿ. ನಮ್ಮ ಮನೆಗಳಲ್ಲಿರುವ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಆ ಎಣ್ಣೆಯಿಂದ.

ಗಮನಿಸಿ, ಇದು ಅಣುವನ್ನು ಕಟ್ಟುವ ಕೆಲಸವಲ್ಲ. ಮರ ಕಟ್ಟಿಟ್ಟದ್ದನ್ನು ಹಬೆಯಲ್ಲಿ ಹೊರತೆಗೆಯುವುದು ಮಾತ್ರ. ನೂರು ಕಿಲೋ ಚೇಗಿನಿಂದ ಸಿಗುವುದು ಹೆಚ್ಚೆಂದರೆ ಐದಾರು ಕಿಲೋ ಎಣ್ಣೆ. ಅದರಲ್ಲಿ ಸುಮಾರು ಅರ್ಧ ಆಲ್ಫಾ-ಸ್ಯಾಂಟಲಾಲ್, ಐದನೇ ಒಂದು ಭಾಗದಷ್ಟು ಬೀಟಾ-ಸ್ಯಾಂಟಲಾಲ್. ಎರಡರಲ್ಲೂ 15 ಇಂಗಾಲ, 24 ಜಲಜನಕ, ಒಂದು ಆಮ್ಲಜನಕ. ಜೋಡಣೆ ಮಾತ್ರ ಬೇರೆ. ಗಂಧದ ನಿಜವಾದ ಪರಿಮಳ ಮುಖ್ಯವಾಗಿ ಬೀಟಾದ್ದು. ಅದರ ಬಾಲದಲ್ಲಿರುವ ಒಂದು ಜೋಡಿಬಂಧದ ಸುತ್ತ ಗುಂಪುಗಳು ಅದಲುಬದಲಾದರೆ ಸಾಕು, ಲೆಕ್ಕಕ್ಕೆ ಅಷ್ಟೇ ಪರಮಾಣುಗಳಿದ್ದರೂ ಗಂಧದ ಗಂಧವೇ ಇರುವುದಿಲ್ಲ. ಪ್ರಯೋಗಶಾಲೆಯಲ್ಲಿ ಇದು ಅಸಾಧ್ಯವೇನಲ್ಲ: ಮುಂದೆ ನೊಬೆಲ್ ಪಡೆದ ಇ. ಜೆ. ಕೋರಿ ಮತ್ತು ಸಂಗಡಿಗರು 1970ರಲ್ಲಿ ಆಲ್ಫಾ-ಸ್ಯಾಂಟಲಾಲ್ ಅನ್ನು ಸರಿಯಾದ ಆಕಾರದಲ್ಲೇ ಕಟ್ಟಿದರು. ಆದರೆ ಹಂತದ ಮೇಲೆ ಹಂತ, ಪ್ರತಿ ಹಂತದಲ್ಲೂ ಒಂದಷ್ಟು ನಷ್ಟ. ನೀಲಿಯಂತೆ ಇದನ್ನು ಅಗ್ಗವಾಗಿ ಟನ್ನುಗಟ್ಟಲೆ ಮಾಡಲು ಆಗಲಿಲ್ಲ.

ಅದಕ್ಕೆ ಸುಗಂಧ ಕಂಪನಿಗಳು ಅಡ್ಡದಾರಿ ಹಿಡಿದವು. ಪೈನ್ ಮರದ ಟರ್ಪೆಂಟೈನ್‌ನಿಂದ ಬೇರೆಯೇ ಅಣುಗಳನ್ನು ಮಾಡಿ ಮೂಗನ್ನು ನಂಬಿಸಿದವು. 'ಸ್ಯಾಂಡಲ್' ಎಂದು ಬರೆದಿರುವ ಅಗ್ಗದ ಊದುಬತ್ತಿಯ ಪೊಟ್ಟಣದ ಒಳಗೆ ಹೆಚ್ಚಾಗಿ ಇರುವುದು ಇಂಥದ್ದೇ. ನಿಜವಾದ ಎಣ್ಣೆಯ ಬೆಲೆ ಮಾತ್ರ ಇಳಿಯಲಿಲ್ಲ.

ಇದರ ಲೆಕ್ಕ ಬಂದದ್ದು ನಮ್ಮ ಕಡೆಗೆ. ತಾಳವಾಡಿ, ಸತ್ಯಮಂಗಲ, ಮಲೆ ಮಹದೇಶ್ವರ ಬೆಟ್ಟ, ಈ ಕಾಡುಗಳೆಲ್ಲ ಗಂಧದ ಕಾಡುಗಳು. ವೀರಪ್ಪನ್ ಹೆಸರು ಕೇಳದ ಮನೆ ಇಲ್ಲಿಲ್ಲ. 2000ದ ಜುಲೈ 30ರ ರಾತ್ರಿ ನಮ್ಮ ತಾಳವಾಡಿ ಸೀಮೆಯ ದೊಡ್ಡ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾಯಿತು, 108 ದಿನ ಎರಡು ರಾಜ್ಯಗಳು ಉಸಿರು ಬಿಗಿಹಿಡಿದವು. ಅದನ್ನು ಎಲ್ಲರೂ ನೆನೆಯುತ್ತಾರೆ. ಕಾಡಂಚಿನ ಬಡವರು, ಆದಿವಾಸಿಗಳು ಕಾರ್ಯಪಡೆಯ ಕೈಯಲ್ಲಿ ಪಟ್ಟ ಪಾಡನ್ನು ನೆನೆಯುವವರು ಕಡಿಮೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯಿಂದ ವಿಚಾರಣೆ ಮಾಡಿಸಿ, 2007ರಲ್ಲಿ 89 ಮಂದಿಗೆ ಪರಿಹಾರ ಕೊಡುವಂತೆ ಹೇಳಿತು. ಆ ಹೊತ್ತಿಗೆ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು. ಕಳ್ಳನ ತಪ್ಪನ್ನು ಅಣುವಿನ ಮೇಲೆ ಹೊರಿಸುತ್ತಿಲ್ಲ. ಆದರೆ ಸ್ಯಾಂಟಲಾಲ್ ನೀಲಿಯಷ್ಟು ಸುಲಭವಾಗಿ ಕಾರ್ಖಾನೆಗೆ ಒಗ್ಗಿದ್ದರೆ ಈ ಕಾಡಿನಲ್ಲಿ ಕೊಡಲಿಗೆ ಅಷ್ಟು ಬೆಲೆ ಇರುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ.

ಇನ್ನೊಂದು ವಿಚಿತ್ರ ನೋಡಿ. ನಮ್ಮ ಹಿರಿಯರ ಹೊಲದ ಬದುವಿನಲ್ಲಿ ಗಂಧದ ಗಿಡ ತಾನಾಗಿ ಹುಟ್ಟಿದರೂ ಅದು ಸರ್ಕಾರದ್ದು. ಕಾಯುವ ಭಾರ ರೈತನದು, ಕಳುವಾದರೆ ಕೇಸೂ ಅವನ ಮೇಲೆಯೇ ಬರುವ ಭಯ. ಸಸಿ ಕಂಡರೆ ಕಿತ್ತು ಹಾಕಿದರೆ ಆಶ್ಚರ್ಯವೇನು? 2001ರಲ್ಲಿ ಕರ್ನಾಟಕ, 2002ರಲ್ಲಿ ತಮಿಳುನಾಡು ಕಾನೂನು ಬದಲಿಸಿ ಮರವನ್ನು ಜಮೀನಿನವರಿಗೇ ಬಿಟ್ಟುಕೊಟ್ಟವು. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು.

ಈಗ ಹೊಸ ಸುದ್ದಿ. 2020ರಲ್ಲಿ ಸ್ಯಾಂಟಲಾಲ್ ಕೊನೆಗೂ ಮರವಿಲ್ಲದೆ ಮಾರುಕಟ್ಟೆಗೆ ಬಂತು. ಪಿಷ್ಟವನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿ, ಹುದುಗಿಸಿ ತೆಗೆದದ್ದು. ಎಂಥ ಪಿಷ್ಟ ಗೊತ್ತೇ, ನಾವು ಬೆಳೆಯುವ ಮೆಕ್ಕೆಜೋಳದ್ದು! ತಂದ ಕಂಪನಿ ಅದೇ ಬಿಎಎಸ್ಎಫ್, 1897ರಲ್ಲಿ ನೀಲಿ ತಂದದ್ದು. ಇತ್ತ ಕಾನೂನು ಬದಲಾದ ಹೊಸದರಲ್ಲಿ ಧೈರ್ಯ ಮಾಡಿ ನೆಟ್ಟವರ ಗಿಡಗಳಿಗೆ ಈಗ ಇಪ್ಪತ್ತು ದಾಟಿದೆ, ಚೇಗು ಕಟ್ಟುವ ವಯಸ್ಸು.