ಒಂದು ಕ್ರಿಯಾಪದ, ಎರಡು ನಿಷ್ಠೆಗಳು

ಧರ್ಮಗ್ರಂಥವೊಂದನ್ನು ಇನ್ನೊಂದು ಭಾಷೆಗೆ ತರುವವನಿಗೆ ಸಾಮಾನ್ಯವಾಗಿ ವಿಧಿಸುವ ಷರತ್ತು ಒಂದೇ: ಮೂಲದಲ್ಲಿರುವುದನ್ನು ಹೇಳು, ನಿನ್ನದನ್ನು ಸೇರಿಸಬೇಡ. ಕೇಳಲು ಇದು ಸರಳ. ಆದರೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಷರತ್ತನ್ನು ಮನಸಾರೆ ಒಪ್ಪಿದ್ದ ಎರಡು ಪಕ್ಷಗಳು ಒಂದೇ ಒಂದು ಗ್ರೀಕ್ ಕ್ರಿಯಾಪದದ ಕಾರಣದಿಂದ ಬೇರೆಯಾದವು. ವಿವಾದಕ್ಕೆ ನಿಮಿತ್ತವಾದದ್ದು ನಮ್ಮ ಬಂಗಾಳದ ಹಾಗೂ ನೆರೆಯ ಬರ್ಮಾದ ಅನುವಾದಗಳು.

ಆ ಪದ ‘ಬಾಪ್ಟಿಜೊ’. ಅದರ ಪ್ರಧಾನ ಅರ್ಥ ಮುಳುಗಿಸು, ಅದ್ದು. ಹೀಬ್ರೂ ಗ್ರಂಥದ ಪ್ರಾಚೀನ ಗ್ರೀಕ್ ಅನುವಾದದಲ್ಲಿ ನಾಮಾನನು ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗೇಳುವಲ್ಲಿ ಬರುವುದು ಇದೇ ಪದ. ಆದರೆ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಬಟ್ಟಲು, ಪಾತ್ರೆಗಳನ್ನು ತೊಳೆಯುವುದಕ್ಕೂ ಇದೇ ಧಾತುವಿನ ಪದವಿದೆ. ಇಷ್ಟೇ ಆಗಿದ್ದರೆ ಇದು ನಿಘಂಟುಕಾರರ ಚರ್ಚೆಯಾಗಿ ಮುಗಿಯುತ್ತಿತ್ತು. ಬ್ಯಾಪ್ಟಿಸ್ಟರು ವಿಶ್ವಾಸವನ್ನು ಅರಿತು ಒಪ್ಪಿದವರನ್ನು ಮಾತ್ರ, ಅದೂ ನೀರಿನಲ್ಲಿ ಪೂರ್ತಿ ಮುಳುಗಿಸಿಯೇ, ಸಂಸ್ಕಾರಕ್ಕೆ ಒಳಪಡಿಸುತ್ತಾರೆ. ಆಂಗ್ಲಿಕನ್ ಮೊದಲಾದ ಅನೇಕ ಪಂಥಗಳು ಶಿಶುಗಳಿಗೂ ಆ ಸಂಸ್ಕಾರ ಕೊಡುತ್ತವೆ. ತಲೆಯ ಮೇಲೆ ನೀರು ಸುರಿದರೂ ಚಿಮುಕಿಸಿದರೂ ಸಾಕೆನ್ನುತ್ತವೆ. ಹಾಗಾಗಿ ಅನುವಾದಕ ಆಯ್ದುಕೊಳ್ಳುವ ಪದವೇ ಒಂದು ಪಂಥದ ಪರವಾದ ತೀರ್ಪಾಗಿಬಿಡುತ್ತದೆ.

1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್ ಪಂಥದವನು. 1801ರಲ್ಲಿ ಶ್ರೀರಾಮಪುರದಿಂದ ಅವನ ಬಂಗಾಳಿ ಹೊಸ ಒಡಂಬಡಿಕೆ ಹೊರಬಂದಿತು. ಲಂಡನ್ನಿನಲ್ಲಿ 1804ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಶ್ರೀರಾಮಪುರದ ಕೆಲಸಕ್ಕೆ ಧನಸಹಾಯ ಮಾಡುತ್ತಿತ್ತು. ಸೊಸೈಟಿಯಲ್ಲಿ ನಾನಾ ಪಂಥಗಳವರಿದ್ದರು. ಅವರನ್ನು ಒಟ್ಟಿಗೆ ಹಿಡಿದಿಟ್ಟಿದ್ದ ಸೂತ್ರ, ಗ್ರಂಥವನ್ನು ಟಿಪ್ಪಣಿಯಾಗಲಿ ವ್ಯಾಖ್ಯಾನವಾಗಲಿ ಇಲ್ಲದೆ ಹಂಚಬೇಕು ಎಂಬುದು. 1830ರ ದಶಕದಲ್ಲಿ ಕಲ್ಕತ್ತೆಯ ಬ್ಯಾಪ್ಟಿಸ್ಟ್ ವಿದ್ವಾಂಸ ವಿಲಿಯಂ ಯೇಟ್ಸ್ ಮತ್ತು ಅವನ ಸಂಗಡಿಗರ ಬಂಗಾಳಿ ಅನುವಾದಕ್ಕೆ ನೆರವು ಕೇಳಿದಾಗ ಸೊಸೈಟಿ ನಿರಾಕರಿಸಿತು. ಆ ಪದವನ್ನು ‘ಮುಳುಗಿಸು’ ಎಂಬ ಅರ್ಥ ಬರುವಂತೆ ಅನುವಾದಿಸಿದ್ದೇ ಅದರ ಆಕ್ಷೇಪ. ಬ್ಯಾಪ್ಟಿಸ್ಟರು 1840ರಲ್ಲಿ ಬೈಬಲ್ ಟ್ರಾನ್ಸ್‌ಲೇಷನ್ ಸೊಸೈಟಿ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಅಮೆರಿಕದಲ್ಲಿ ಬಂಗಾಳಿಯ ಜೊತೆಗೆ ಅಡೋನಿರಾಮ್ ಜಡ್ಸನ್‌ನ ಬರ್ಮೀ ಅನುವಾದವೂ ಇಂಥದೇ ಒಡಕಿಗೆ ಕಾರಣವಾಗಿ, 1836ರಲ್ಲಿ ಅಲ್ಲಿಯೂ ಪ್ರತ್ಯೇಕ ಸಂಸ್ಥೆ ಹುಟ್ಟಿತು.

ಎರಡೂ ಕಡೆಯ ವಾದಗಳಲ್ಲಿ ಹುರುಳಿತ್ತು. ಉಳಿದೆಲ್ಲ ಪದಗಳನ್ನು ಜನರ ಭಾಷೆಗೆ ತಂದು, ಇದೊಂದನ್ನು ಮಾತ್ರ ಗ್ರೀಕಿನಲ್ಲೇ ಬಿಟ್ಟರೆ ಓದುಗನಿಂದ ಅರ್ಥವನ್ನು ಮುಚ್ಚಿಟ್ಟಂತೆ ಎಂದರು ಅನುವಾದಕರು. ನಿಮ್ಮ ಪಂಥದ ನಿರ್ಣಯವನ್ನು ದೇವರ ಮಾತಿನ ಬಾಯಲ್ಲಿ ಆಡಿಸುತ್ತಿದ್ದೀರಿ ಎಂದರು ವಿರೋಧಿಗಳು. ಆದರೆ ಪದವನ್ನು ಹಾಗೆಯೇ ಉಳಿಸಿಕೊಳ್ಳುವುದಾದರೂ ನಿಷ್ಪಕ್ಷಪಾತವೇ? ಅರ್ಥವಾಗದ ಪದ ಬರಿದಾದ ಕೊಡದಂತೆ. ಉಪದೇಶಕನು ತನಗೆ ಬೇಕಾದುದನ್ನು ಅದರಲ್ಲಿ ತುಂಬಬಹುದು. ಇನ್ನು, ತಾನು ನೆರವು ನೀಡುವ ಅನುವಾದಗಳು ಪ್ರಚಲಿತ ಇಂಗ್ಲಿಷ್ ಬೈಬಲಿನ ತತ್ತ್ವಕ್ಕೆ ಅನುಗುಣವಾಗಿರಬೇಕೆಂದು ಅಮೆರಿಕನ್ ಬೈಬಲ್ ಸೊಸೈಟಿ ಗೊತ್ತುಪಡಿಸಿತು. ಗ್ರೀಕ್ ಮೂಲದ ಸ್ಥಾನಕ್ಕೆ ಇಂಗ್ಲಿಷ್ ಬಂದು ಕುಳಿತಂತಾಯಿತು. ಅನುಮಾನ ಬಂದಾಗ ಇಂಗ್ಲಿಷ್ ಪಾಠವೇ ಅಂತಿಮ ಎನ್ನುವ ಸರ್ಕಾರಿ ದ್ವಿಭಾಷಾ ಕಾಗದಗಳ ನಡುವೆ ನೌಕರಿ ಮಾಡುವ ನನಗೆ ಈ ತರ್ಕದ ಪರಿಚಯ ಚೆನ್ನಾಗಿಯೇ ಇದೆ.

ಆ ಇಂಗ್ಲಿಷ್ ಬೈಬಲಾದರೂ ಇಂಥದೇ ಜಗಳದಿಂದ ಹೊರಬಂದದ್ದು. 1526ರಲ್ಲಿ ವಿಲಿಯಂ ಟಿಂಡೇಲ್ ‘ಎಕ್ಲೇಸಿಯಾ’ ಎಂಬ ಗ್ರೀಕ್ ಪದಕ್ಕೆ ‘ಚರ್ಚ್’ ಎನ್ನದೆ, ನೆರೆದ ಜನ ಎಂಬರ್ಥದ ‘ಕಾಂಗ್ರೆಗೇಷನ್’ ಎಂದು ಬರೆದ. ಇದು ಪಾಷಂಡವಾದವನ್ನು ಪದಗಳೊಳಗೆ ಅಡಗಿಸಿಡುವ ತಂತ್ರವೆಂದು ಥಾಮಸ್ ಮೋರ್ 1529ರಲ್ಲಿ ಖಂಡಿಸಿದ. 1536ರಲ್ಲಿ ಟಿಂಡೇಲನಿಗೆ ಧರ್ಮದ್ರೋಹದ ಆರೋಪದಲ್ಲಿ ಮರಣದಂಡನೆಯಾಯಿತು. ಮುಂದೆ ಜೇಮ್ಸ್ ದೊರೆಯ ಅನುವಾದಕರಿಗೆ ಕೊಟ್ಟ ನಿಯಮಗಳಲ್ಲಿ, ಹಳೆಯ ಚರ್ಚಿನ ಪರಿಭಾಷೆಯನ್ನೇ ಉಳಿಸಿಕೊಳ್ಳಬೇಕು, ‘ಚರ್ಚ್’ ಪದವನ್ನು ಬದಲಿಸಕೂಡದು ಎಂಬುದೂ ಒಂದಾಗಿತ್ತು. ಕನ್ನಡ ಬೈಬಲ್ ಓದುವವರಿಗೆ ಇದು ಸೋಜಿಗವೆನಿಸೀತು. ಟಿಂಡೇಲ್ ಇಂಗ್ಲಿಷಿಗೆ ಬಯಸಿದ ಅರ್ಥದ ‘ಸಭೆ’ ಎಂಬ ಪದವೇ ನಮ್ಮಲ್ಲಿ ಯಾವ ಗದ್ದಲವೂ ಇಲ್ಲದೆ ಬಳಕೆಯಲ್ಲಿದೆ.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್‌ನಿಂದ ಮೊದಲುಗೊಂಡು ಅನೇಕರು ದುಡಿದ ಕನ್ನಡದಲ್ಲಿ, ವಿವಾದದ ಆ ಇನ್ನೊಂದು ಪದಕ್ಕೆ ಇಂದು ಒಂದಲ್ಲ, ಮೂರು ರೂಪಗಳು ಸಿಗುತ್ತವೆ: ‘ಬಾಪ್ತಿಸ್ಮ’, ‘ದೀಕ್ಷಾಸ್ನಾನ’, ‘ಜ್ಞಾನಸ್ನಾನ’. ಮೊದಲನೆಯದು ಗ್ರೀಕ್ ಪದದ ಕನ್ನಡ ಉಚ್ಚಾರಣೆ. ‘ದೀಕ್ಷೆ’ ಎಂದೊಡನೆ ಗುರು, ಉಪದೇಶ, ವ್ರತಸ್ವೀಕಾರ ನೆನಪಾಗುತ್ತವೆ. ವೀರಶೈವ, ಜೈನ ಪರಂಪರೆಗಳ ನೆರಳು ಅದರ ಮೇಲಿದೆ. ‘ಜ್ಞಾನ’ವೋ ಉಪನಿಷತ್ತಿನ ಕಡೆಗೆ ಮನಸ್ಸನ್ನು ಸೆಳೆಯುತ್ತದೆ. ‘ಸ್ನಾನ’ ಮಾತ್ರ ಮುಳುಗೇಳುವುದಕ್ಕೂ ಮೇಲಿನಿಂದ ನೀರು ಸುರಿದುಕೊಳ್ಳುವುದಕ್ಕೂ ಹೊಂದುವ ಪದ. ಕಲ್ಕತ್ತೆಯಲ್ಲಿ ಸಂಸ್ಥೆಗಳನ್ನೇ ಒಡೆದ ಪ್ರಶ್ನೆಯನ್ನು ಅದು ಉತ್ತರಿಸದೆ ದಾಟಿಬಿಡುತ್ತದೆ. ಆದರೆ ಮೂಲದಲ್ಲಿಲ್ಲದ ದೀಕ್ಷೆ, ಜ್ಞಾನಗಳು ಅದರ ಬೆನ್ನಿಗೇ ಬಂದಿವೆ.

ದೃಷ್ಟಿಕೋನವಿಲ್ಲದ ಪದವೊಂದು ಎಲ್ಲಿಯೋ ಇದೆ, ಪ್ರಾಮಾಣಿಕನಿಗೆ ಅದು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಈ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಹಾಗೆಂದು ಅನುವಾದಕ ಮನಬಂದಂತೆ ಬರೆಯಬಹುದೆಂದೂ ಅಲ್ಲ. 1611ರ ಇಂಗ್ಲಿಷ್ ಅನುವಾದಕರು ಅಧಿಕಾರಕ್ಕೆ ತಲೆಬಾಗಿದರೂ ಒಂದು ಒಳ್ಳೆಯ ಪದ್ಧತಿಯನ್ನು ಪಾಲಿಸಿದರು. ವಾಕ್ಯ ಪೂರ್ಣವಾಗಲೆಂದು ತಾವು ಸೇರಿಸಿದ ಪದಗಳನ್ನು ಬೇರೆ ಅಚ್ಚಿನಲ್ಲಿ ತೋರಿಸಿದರು. ಅರ್ಥ ಎರಡಾಗುವ ಕಡೆ ಇನ್ನೊಂದು ಪಾಠವನ್ನು ಅಂಚಿನಲ್ಲಿ ಕೊಟ್ಟು, ಹಾಗೆ ಮಾಡಿದ್ದನ್ನು ಮುನ್ನುಡಿಯಲ್ಲಿ ಸಮರ್ಥಿಸಿಕೊಂಡರು. ಟಿಪ್ಪಣಿಯೇ ಬೇಡವೆಂದ ಹತ್ತೊಂಬತ್ತನೆಯ ಶತಮಾನದ ಸೂತ್ರ ಅಭಿಪ್ರಾಯವನ್ನು ಹೊರಗಿಡಲೆಂದೇ ಹುಟ್ಟಿತ್ತು. ಆದರೆ ಅಂಚಿನಲ್ಲಿ ಜಾಗ ಸಿಗದ ಅಭಿಪ್ರಾಯ ನೇರವಾಗಿ ಪಠ್ಯದೊಳಗೇ ಬಂದು ನೆಲೆಸಿತು. ಮೂಲ ಎಲ್ಲಿಗೆ ನಿಲ್ಲುತ್ತದೆ, ತನ್ನ ಮಾತು ಎಲ್ಲಿಂದ ಆರಂಭವಾಗುತ್ತದೆ ಎಂಬ ಗೆರೆಯನ್ನು ಓದುಗನಿಗೆ ಕಾಣುವಂತೆ ಎಳೆಯುವುದು ಅನುವಾದಕನಿಗೆ ಸಾಧ್ಯ. ಅವನಿಂದ ನಾವು ನ್ಯಾಯವಾಗಿ ಕೇಳಬಹುದಾದ ನಿಷ್ಠೆ ಅದು.